ಕೆನ್ನೆಯ ಮೇಲಿನ ಭೀಮ

ಜಾತ್ರೆಯೆಂದರೆ ಬಳೆ, ಬತ್ತಾಸು, ಬಲೂನು ಎಂಬ ಮೂರು ಬಕಾರಗಳಲ್ಲಿ ಮುಗಿಯುತ್ತಿದ್ದ ಕಾಲವೊಂದಿತ್ತು. ಈಗ ನಾಲ್ಕನೆಯ ಬಕಾರವೊಂದು ಬಂದು ಸೇರಿದೆ, ಅದು ಬಣ್ಣ. ಗೋಡೆಗೆ ಬಳಿಯುವ ಬಣ್ಣವಲ್ಲ, ಹೋಳಿಯಲ್ಲಿ ಎರಚುವ ಬಣ್ಣವೂ ಅಲ್ಲ. ಮಕ್ಕಳ ಕೆನ್ನೆಯ ಮೇಲೆ, ಮುಂಗೈಯ ಮೇಲೆ, ಒಮ್ಮೊಮ್ಮೆ ಉತ್ಸಾಹ ಹೆಚ್ಚಿದ ತಂದೆಯರ ಬೋಳುತಲೆಯ ಮೇಲೂ ಕುಂಚದಿಂದ ಚಿತ್ರ ಬರೆಯುವ ಬಣ್ಣ. ಬೆಂಗಳೂರಿನ ಮಾಲುಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ, ಹುಟ್ಟುಹಬ್ಬದ ಕೂಟಗಳಲ್ಲಿ ಇದನ್ನು ಕಂಡವರು ಇದು ನಗರದ ಮೋಜೆಂದು ತಿಳಿದಿರಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಮೊಹರಮ್ಮಿನ ರಜೆಗೆ ಮಾವನವರ ಊರಾದ ದೇವಾಪುರಕ್ಕೆ ಹೋದಾಗ ಆ ತಿಳಿವಳಿಕೆ ತಪ್ಪೆಂದು ಗೊತ್ತಾಯಿತು. ಅದರೊಡನೆ, ನನ್ನ ವಿಷಯದಲ್ಲಿ ನಾನೇ ಇಟ್ಟುಕೊಂಡಿದ್ದ ಇನ್ನೊಂದು ತಿಳಿವಳಿಕೆಯೂ ಕೆಟ್ಟಿತು. ಈ ವಾರ ಅದನ್ನೇ ಓದುಗರ ಮುಂದೆ ಹೇಳಬೇಕೆಂದಿದ್ದೇನೆ.

ದೇವಾಪುರ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಊರು. ಸುರಪುರವೆಂದರೆ ನಾಯಕ ಅರಸರ ಸಂಸ್ಥಾನ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನು ಇಂಗ್ಲಿಷರ ವಿರುದ್ಧ ಎದ್ದು ನಿಂತ ನೆಲ. ಆ ಅರಸರ ಆಶ್ರಯದಲ್ಲಿ ಚಿನ್ನದ ರೇಕು ಹಚ್ಚಿ ಕಿರುಚಿತ್ರ ಬರೆಯುವ ಪದ್ಧತಿಯೊಂದು ಬೆಳೆದಿತ್ತು. ಸುರಪುರ ಶೈಲಿಯೆಂದು ಕಲಾಪ್ರೇಮಿಗಳು ಅದನ್ನು ಇಂದಿಗೂ ಗುರುತಿಸುತ್ತಾರೆ. ಕುಂಚ ಹಿಡಿದ ಕೈ ಈ ಸೀಮೆಗೆ ಹೊಸದಲ್ಲ. ಕನ್ನಡ ಪಾಠ ಹೇಳುವ ನನ್ನಂಥವನಿಗೆ ದೇವಾಪುರದ ಮೇಲೆ ಇನ್ನೊಂದು ಮಮತೆಯೂ ಉಂಟು. ಜೈಮಿನಿ ಭಾರತದ ಕವಿ ಲಕ್ಷ್ಮೀಶನು ತನ್ನ ಕಾವ್ಯವನ್ನು ದೇವಪುರದ ಲಕ್ಷ್ಮೀರಮಣನಿಗೆ ಅರ್ಪಿಸಿದ್ದಾನಷ್ಟೆ. ಆ ದೇವಪುರ ಕಡೂರು ತಾಲೂಕಿನ ದೇವನೂರೆಂಬುದು ಹೆಚ್ಚಿನ ವಿದ್ವಾಂಸರ ಮತ. ಸುರಪುರದ ಬಳಿಯ ಈ ದೇವಾಪುರವೇ ಎಂಬುದು ಈ ಭಾಗದವರ ವಾದ. ಮಾವನವರ ಮನೆಯಲ್ಲಿ ಊಟಕ್ಕೆ ಕುಳಿತಾಗ ನಾನು ಎರಡನೆಯ ಪಕ್ಷದವನು. ಉಣ್ಣುವ ಎಲೆಯ ಮುಂದೆ ವಿದ್ವತ್ತನ್ನು ಹಟಕ್ಕೆ ಬಿಡುವುದು ಅಳಿಯನಾದವನಿಗೆ ಶೋಭಿಸದು.

ಮೊಹರಂ ಹಿಜರಿ ವರ್ಷದ ಮೊದಲ ತಿಂಗಳು, ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ಪ್ರವಾದಿಯವರ ಮೊಮ್ಮಗ ಇಮಾಂ ಹುಸೇನರು ಮಡಿದ ಶೋಕದ ನೆನಪು. ಆದರೆ ನಮ್ಮ ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಅದು ಊರವರೆಲ್ಲರ ಅಲಾಯಿ ಹಬ್ಬ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಮ್ಮಿಗೆ ದೂರದೂರದಿಂದ ಜನ ಬರುತ್ತಾರೆ. ಪೀರಲ ದೇವರ ಮುಂದೆ ಸಕ್ಕರೆ ಓದಿಸುವವರಲ್ಲಿ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಕೊರಳಿಗೆ ಕೆಂಪು ಲಾಡಿ ಕಟ್ಟಿಕೊಂಡು ಫಕೀರರಾಗುವವರಲ್ಲಿ ಯಾರು ಯಾವ ಮತದವರೆಂದು ಹೊರಗಿನವನು ಹೇಳಲಾರ. ಮಗುವಿನ ಬೇನೆ ವಾಸಿಯಾದರೆ ಅಲಾಯಿಗೆ ಹುಲಿ ಮಾಡಿಸುತ್ತೇನೆಂದು ತಾಯಿ ಹರಕೆ ಹೊರುತ್ತಾಳೆ. ಹಬ್ಬದ ದಿನ ಆ ಮಗುವಿನ ಮೈಗೆಲ್ಲ ಹಳದಿ ಬಳಿದು, ಕರಿಯ ಪಟ್ಟೆ ಎಳೆದು, ಹಲಗೆಯ ಬಡಿತಕ್ಕೆ ಕುಣಿಸುತ್ತಾರೆ. ಕರಾವಳಿಯವರಿಗೆ ಇದು ಕೃಷ್ಣಾಷ್ಟಮಿ, ದಸರೆಗಳ ಹುಲಿವೇಷವನ್ನು ನೆನಪಿಗೆ ತಂದೀತು. ಅಂದಮೇಲೆ ಹಬ್ಬದಲ್ಲಿ ಮೈಮೇಲೆ ಚಿತ್ರ ಬರೆಸಿಕೊಳ್ಳುವುದು ಮಾಲಿನಿಂದ ಹಳ್ಳಿಗೆ ಬಂದ ಮೋಜಲ್ಲ. ಹಳ್ಳಿಯದೇ ಹಳೆಯ ಹರಕೆ.

ಆ ದಿನ ಮಧ್ಯಾಹ್ನ, ಹುಲಿಗಳಿಗೆ ಬಣ್ಣ ಬಳಿಯುವ ಕೆಲಸ ಮುಗಿಸಿದ ತರುಣನೊಬ್ಬ ಬೇವಿನ ಮರದ ಕೆಳಗೆ ಒಂದು ಸ್ಟೂಲು ಹಾಕಿಕೊಂಡು ಕುಳಿತಿದ್ದ. ಪಕ್ಕದಲ್ಲಿ ಬಣ್ಣದ ಡಬ್ಬಿಗಳು, ನೀರಿನ ಬಕೀಟು, ಒಂದು ಹಳೆಯ ರಟ್ಟು. ರಟ್ಟಿನ ಮೇಲೆ ಸೊಗಸಾದ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: “ಛೋಟಾ ಭೀಮ, ಡೋರೆಮಾನ್, ಮೋಟು ಪತ್ಲು, ಸ್ಪೈಡರ್‌ಮ್ಯಾನ್. ಒಂದಕ್ಕೆ 20 ರೂಪಾಯಿ. ಹುಲಿ ಮೀಸೆ ಬಿಟ್ಟಿ.” ಅಕ್ಷರಗಳ ದುಂಡುತನವನ್ನು ನೋಡಿದೊಡನೆಯೇ ಇವನು ಅಂಗಡಿಯ ಬೋರ್ಡು ಬರೆಯುವ ಕಸಬಿನವನೆಂದು ತಿಳಿಯಿತು. ಕೇಳಿದರೆ, ಅವನ ತಂದೆ ಬರೆಯುತ್ತಿದ್ದರಂತೆ; ಇವನೂ ಅವರಲ್ಲಿಯೇ ಕಲಿತನಂತೆ. ಫ್ಲೆಕ್ಸಿನ ಯಂತ್ರ ಬಂದಮೇಲೆ ಅಂಗಡಿಗಳ ಹಣೆಬರಹ ಬರೆಯುವ ಕೆಲಸ ನಿಂತಿತು. ಗೋಡೆ ಕೈಬಿಟ್ಟ ಕುಂಚ ಕೆನ್ನೆಗೆ ಬಂದಿತು.

ನನ್ನ ಆರು ವರ್ಷದ ಮಗಳು ರಟ್ಟನ್ನು ಓದುವಷ್ಟರಲ್ಲಿಯೇ ತೀರ್ಮಾನಿಸಿಬಿಟ್ಟಿದ್ದಳು: ಅವಳಿಗೆ ಭೀಮ ಬೇಕು. ದೂರದರ್ಶನದ ಮುಂದೆ ಮಕ್ಕಳನ್ನು ಕೂರಿಸಿ ಅನ್ನ ಉಣ್ಣಿಸಿದ ಯಾವ ತಾಯಿಗೂ ಈ ಭೀಮನನ್ನು ಪರಿಚಯಿಸಬೇಕಾಗಿಲ್ಲ. ಹೈದರಾಬಾದಿನ ಕಂಪನಿಯೊಂದು ಹುಟ್ಟಿಸಿ, 2008ರಲ್ಲಿ ಪರದೆಗೆ ತಂದ ಬಾಲಕ ಇವನು; ಢೋಲಕಪುರದ ನಿವಾಸಿ; ಕೇಸರಿ ಧೋತರದವನು; ಲಾಡು ತಿಂದರೆ ಬಲ ಬರುತ್ತದೆ. ವ್ಯಾಸರ ಭೀಮನಿಂದ ಇವನು ಹೆಸರನ್ನೂ ಹಸಿವನ್ನೂ ಎರವಲು ತಂದಿದ್ದಾನೆ. ನಾನು ನನ್ನ ಕಸಬಿನ ಚಟದಂತೆ, “ನೋಡು ಪುಟ್ಟೀ, ಈ ಊರಿನವನೇ ಎನ್ನುವ ಕವಿಯೊಬ್ಬ ಇನ್ನೊಬ್ಬ ಭೀಮನ ಕಥೆ ಹೇಳಿದ್ದಾನೆ, ಆ ಭೀಮ ಕರ್ಣನ ಮಗ ವೃಷಕೇತುವನ್ನು ಜೊತೆಗೆ ಕರೆದುಕೊಂಡು ಯೌವನಾಶ್ವನ ಕುದುರೆಯನ್ನು ತರಲು ಹೋಗುತ್ತಾನೆ” ಎಂದು ಆರಂಭಿಸಿದೆ. ಅವಳು ಸಹನೆಯಿಂದ ಕೇಳಿ, “ಅವನು ಲಾಡು ತಿಂತಾನೇನು?” ಎಂದಳು. ನನ್ನ ಪಾಠ ಅಲ್ಲಿಗೆ ಮುಗಿಯಿತು.

ಸ್ಟೂಲಿನ ಮೇಲೆ ಅವಳನ್ನು ಕೂರಿಸುವ ಮುಂಚೆ ನಾನು ಆ ತರುಣನಿಗೆ ಎರಡು ಪ್ರಶ್ನೆ ಕೇಳಿದೆ. ಮೊದಲನೆಯದು ಕೇಳಬೇಕಾದದ್ದೇ: “ಇದು ಎಂಥ ಬಣ್ಣ?”

“ಮುಖಕ್ಕ ಹಚ್ಚೋ ನೀರಿನ ಬಣ್ಣರೀ ಸರ” ಎಂದು ಅವನು ಡಬ್ಬಿಯನ್ನು ತಿರುಗಿಸಿ ತೋರಿಸಿದ. “ನಾ ಸಣ್ಣಾಂವ ಇದ್ದಾಗ ನನ್ನ ಹುಲಿ ಮಾಡಿದ್ರು. ಬಾಗಿಲಿಗೆ ಹಚ್ಚೋ ಆಯಿಲ್ ಪೇಂಟ ಬಳಿದಿದ್ರು. ಸಂಜೀಕ ಸೀಮೆಎಣ್ಣಿ ಹಾಕಿ ತಿಕ್ಕಿ ತೆಗದ್ರು. ಎಂಟು ದಿನ ಮೈ ಉರೀತು. ಅವತ್ತs ಅಂದ್ಕೊಂಡೆ, ಕೂಸುಗಳಿಗೆ ನಾ ಆ ಪೇಂಟ ಹಚ್ಚಂಗಿಲ್ಲಂತ.”

ಅವನು ಹೇಳಿದ್ದು ಸರಿ. ಮರಕ್ಕೂ ಕಬ್ಬಿಣಕ್ಕೂ ಮಾಡಿದ ಬಣ್ಣ ಮಕ್ಕಳ ಚರ್ಮಕ್ಕೆ ಆಗದು. ಚಿತ್ರಕಲೆಯ ತರಗತಿಯ ಬಣ್ಣವೂ ಮುಖಕ್ಕೆಂದು ಮಾಡಿದ್ದಲ್ಲ. ಮುಖಕ್ಕೆಂದೇ ತಯಾರಿಸಿದ, ನೀರಿನಲ್ಲಿ ಹೋಗುವ ಬಣ್ಣವನ್ನಾದರೂ ಮೊದಲು ಮೊಣಕೈಯ ಒಳಬದಿಗೆ ಒಂದು ಬೊಟ್ಟು ಹಚ್ಚಿ, ತುರಿಕೆ ಬರುವುದೋ ಎಂದು ನೋಡುವುದು ಲೇಸು. ಕಣ್ಣಿನ ಅಂಚಿಗೆ, ಗಾಯದ ಮೇಲೆ ಹಚ್ಚಿಸಬಾರದು. ಜಾತ್ರೆಗಳಲ್ಲಿ ಕಪ್ಪು ಮೆಹಂದಿಯೆಂದು ಹಾಕುವುದರಲ್ಲಿ ಅನೇಕ ವೇಳೆ ತಲೆಗೂದಲಿಗೆ ಹಚ್ಚುವ ಬಣ್ಣದ ರಾಸಾಯನಿಕ ಸೇರಿರುತ್ತದೆ. ಅದು ಚರ್ಮದ ಮೇಲೆ ಬೊಬ್ಬೆ ಎಬ್ಬಿಸಬಲ್ಲುದು. ಮದರಂಗಿಯ ನಿಜವಾದ ಬಣ್ಣ ಕೆಂಪೇ ಹೊರತು ಕಪ್ಪಲ್ಲ. ಇದಿಷ್ಟನ್ನು ತಿಳಿದುಕೊಂಡು ಕೇಳುವ ತಂದೆಯ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ.

ತಪ್ಪಿದ್ದುದು ಎರಡನೆಯ ಪ್ರಶ್ನೆಯಲ್ಲಿ. ಅವನು ಎಡಗೈಯ ಎರಡು ಬೆರಳುಗಳಿಂದ ಮಗಳ ಗಲ್ಲವನ್ನು ಮೆಲ್ಲಗೆ ಮೇಲೆತ್ತಿ ಹಿಡಿದು ಕುಂಚವನ್ನು ಅದ್ದಿದ ಗಳಿಗೆಯಲ್ಲಿ, ನನ್ನ ಬಾಯಿಂದ ತಾನಾಗಿ ಹೊರಬಿತ್ತು: “ನೀವು ಯಾರ ಪೈಕಿ?”

ಈ ಮಾತಿನ ಅರ್ಥವನ್ನು ನಮ್ಮ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತರಗತಿಯಲ್ಲಿ ವಚನಗಳನ್ನು ಪಾಠ ಹೇಳುವವನು ನಾನು. ಕುಲದ ಪ್ರಶ್ನೆಯನ್ನು ಶರಣರು ಹೇಗೆ ಎತ್ತಿ ಎಸೆದರೆಂದು ಹುಡುಗರಿಗೆ ವಿವರಿಸಿ, ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕೊಡುವವನು. ಆ ದಿನ ಬಣ್ಣದ ಡಬ್ಬಿಯ ವಿಚಾರಣೆ ಮುಗಿದ ಮೇಲೂ ನನಗೆ ಸಮಾಧಾನವಾಗಿರಲಿಲ್ಲವೆಂದಾಯಿತು. ಕೈಯ ವಿಚಾರಣೆ ಉಳಿದಿತ್ತು.

ಅವನು ಕುಂಚವನ್ನು ನಿಲ್ಲಿಸಲಿಲ್ಲ. ನಗುನಗುತ್ತಲೇ, “ಬಣ್ಣದವ್ರ ಪೈಕಿರೀ ಸರ” ಎಂದ.

ಅವನೇನೋ ನಕ್ಕ. ಆದರೆ ಸಾಲಿನಲ್ಲಿ ನಮ್ಮ ಹಿಂದೆ, ಮಗನ ಕೈ ಹಿಡಿದು ನಿಂತಿದ್ದ ಹೆಂಗಸೊಬ್ಬಳು ನನ್ನ ಪ್ರಶ್ನೆಯನ್ನೂ ಕೇಳಿದಳು, ಅದಕ್ಕೆ ಉತ್ತರ ಬಾರದೆ ಹೋದುದನ್ನೂ ಗಮನಿಸಿದಳು. “ಬಾ, ಬ್ಯಾಡ. ಮನ್ಯಾಗ ನಾನs ಹಚ್ತೀನಿ” ಎಂದು ಮಗನನ್ನು ಎಳೆದುಕೊಂಡು ಹೊರಟಳು. ಹುಡುಗ ಹಿಂದಿರುಗಿ ನೋಡುತ್ತ, ಅಳುತ್ತ ಹೋದ. ಅವಳ ಹಿಂದಿದ್ದ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಬಲೂನಿನವನ ಕಡೆಗೆ ತಿರುಗಿದರು. ಐದು ಜನರ ಸಾಲು ಕ್ಷಣಾರ್ಧದಲ್ಲಿ ಕರಗಿಹೋಯಿತು. ನಾನು ಯಾರನ್ನೂ ಬೈದಿರಲಿಲ್ಲ, ಯಾರನ್ನೂ ತಡೆದಿರಲಿಲ್ಲ, ಕೇವಲ ಕೇಳಿದ್ದೆ. ಅಷ್ಟರಿಂದಲೇ ಒಬ್ಬನ ಹಬ್ಬದ ಗಳಿಕೆ ಎದ್ದು ಹೋಗಬಲ್ಲುದೆಂಬುದನ್ನು ನಿಂತ ಹೆಜ್ಜೆಯಲ್ಲೇ ಕಂಡೆ.

ಬೇವಿನ ಕಟ್ಟೆಯ ಮೇಲೆ ನನ್ನ ಹೆಂಡತಿಯ ಅಜ್ಜಿ ಕುಳಿತಿದ್ದರು. ಎಂಬತ್ತು ದಾಟಿದ ಜೀವ; ಮನೆಯವರಿಗೆಲ್ಲ ಆಯಿ. ಎಲ್ಲವನ್ನೂ ಅವರು ನೋಡಿದ್ದರೆಂದು ಆಮೇಲೆ ತಿಳಿಯಿತು. ಮಗಳ ಕೆನ್ನೆಯ ಮೇಲೆ ಭೀಮ ಮೂಡಿ ಮುಗಿಯುವವರೆಗೆ ಸುಮ್ಮನಿದ್ದು, ಅವಳು ಇಳಿದೊಡನೆ ಆಯಿ ಎದ್ದು ಬಂದು, ಆ ಪುಟ್ಟ ಸ್ಟೂಲಿನ ಮೇಲೆ ತಾವೇ ಕುಳಿತು ಎಡದೋಳಿನ ಸೆರಗು ಸರಿಸಿದರು. ಮುಂಗೈಯ ಮೇಲೆ ಹಳೆಯ ಹಚ್ಚೆ; ಹಸುರು ಮಾಸಿ ನೀಲಿಗೆ ತಿರುಗಿದ ಒಂದು ಚೇಳು, ಅದರ ಸುತ್ತ ಚುಕ್ಕೆಗಳು.

“ಅಳಿಯಂದ್ರ, ಇದನ್ನ ಯಾರ ಪೈಕಿಯಾಕಿ ಹಾಕಿದ್ಲು ಅಂತ ಕೇಳಂಗಿಲ್ಲೇನು?” ಎಂದರು.

ನಾನು ಸುಮ್ಮನೆ ನಿಂತೆ.

“ನಂಗ ಒಂಬತ್ತು ವರ್ಷ. ಕೊರವಂಜಿ ಬಂದಿದ್ಲು. ನಮ್ಮವ್ವ ನನ್ನ ಕಟ್ಟಿ ಮ್ಯಾಲ ಕುಂದರಿಸಿ ಗಟ್ಟಿ ಹಿಡಕೊಂಡ್ಲು. ಸೂಜಿ ಚುಚ್ಚೋತನಕ ಆಕಿ ಹಾಡು ಹೇಳಿದ್ಲು, ನಾ ಅಳಬಾರದಂತ. ನನ್ನ ರಕ್ತ ಆಕಿ ಬೆರಳಿಗೆ ಹತ್ತಿತ್ತು. ಮುಗದ ಮ್ಯಾಲ ನೀರು ಕೇಳಿದ್ಲು. ನಮ್ಮವ್ವ ಮ್ಯಾಲಿಂದ ಬೊಗಸಿಗೆ ಹೊಯ್ದಳು, ಚರಗಿ ಕೊಡ್ಲಿಲ್ಲ. ರಕ್ತ ನಡೀತು, ಚರಗಿ ನಡೀಲಿಲ್ಲ. ಇದ್ಯಾವ ನ್ಯಾಯ ಅಂತ ಅವತ್ತು ನಾ ಕೇಳ್ಲಿಲ್ಲ. ಸಣ್ಣಾಕಿ ಇದ್ದೆ. ನೀವೇನು ಸಣ್ಣಾವ್ರಲ್ಲ.”

ಓದುಗರು ಕ್ಷಮಿಸಬೇಕು, ಇಲ್ಲಿ ಕೊಂಚ ನಿಂತು ಕೊರವಂಜಿಯ ಮಾತನ್ನು ಹೇಳಿ ಮುಂದೆ ಹೋಗುತ್ತೇನೆ. ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿಯೋ ಎದೆಹಾಲಿನಲ್ಲಿಯೋ ಕಲಸಿ, ಸೂಜಿಗಳ ಕಟ್ಟಿನಿಂದ ಚುಚ್ಚಿ, ಮೇಲೆ ಅರಿಸಿನ ಹಚ್ಚಿ, ನಮ್ಮ ಅಜ್ಜಿಯರ ತೋಳುಗಳ ಮೇಲೆ ಚೇಳು, ನವಿಲು, ತೊಟ್ಟಿಲು, ತುಳಸಿಕಟ್ಟೆಗಳನ್ನು ಮೂಡಿಸಿದವಳು ಅವಳು. ಸತ್ತ ಮೇಲೆ ಒಡವೆಯಲ್ಲ, ಹಚ್ಚೆಯೊಂದೇ ಜೊತೆಗೆ ಬರುತ್ತದೆಂದು ನಮ್ಮ ಹೆಂಗಸರು ನಂಬಿದ್ದರು. ಅಂದರೆ ಪರಲೋಕಕ್ಕೆ ಒಯ್ಯುವ ಒಂದೇ ಒಂದು ಆಸ್ತಿಯನ್ನು ಅವಳ ಕೈಯಿಂದ ಪಡೆದು, ಒಂದು ಸೇರು ಜೋಳ ಕೊಟ್ಟು, ಅಂಗಳದಿಂದಲೇ ಅವಳನ್ನು ಸಾಗಹಾಕಿದೆವು. ಶ್ರೀನಿವಾಸ ಕಲ್ಯಾಣದ ಕಥೆಯಲ್ಲಿ ಸಾಕ್ಷಾತ್ ಶ್ರೀನಿವಾಸನೇ ಕೊರವಂಜಿಯ ವೇಷದಿಂದ ಆಕಾಶರಾಜನ ಅರಮನೆಗೆ ಹೋಗುತ್ತಾನೆ. ಅದನ್ನು ನಡುಮನೆಯಲ್ಲಿ ಕುಳಿತು ಭಕ್ತಿಯಿಂದ ಕೇಳಿದೆವು. ನಿಜವಾದ ಕೊರವಂಜಿಗೆ ನಡುಮನೆ ದೊರೆಯಲಿಲ್ಲ. 1871ರಲ್ಲಿ ಇಂಗ್ಲಿಷರ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. ಮುಂದೆ ಅದು ದಕ್ಷಿಣಕ್ಕೂ ವಿಸ್ತರಿಸಿ, ಕೊರವರಂಥ ಅಲೆಮಾರಿ ಜನರನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಯಲ್ಲಿ ಬರೆಯಿತು. ಆ ಕಾಯಿದೆ ರದ್ದಾದದ್ದು 1952ರಲ್ಲಿ, ದೇಶ ಸ್ವತಂತ್ರವಾಗಿ ಐದು ವರ್ಷಗಳಾದ ಮೇಲೆ. ಎಲ್ಲರ ತೋಳಿಗೆ ಗುರುತು ಹಾಕಿದವರಿಗೆ ಸರಕಾರ ಹಾಕಿದ ಗುರುತು ಅದು. ಕಾಗದದಿಂದ ಅಳಿಸಿತೆಂದು ಮನಸ್ಸಿನಿಂದಲೂ ಅಳಿಸಿತೆನ್ನುವ ಧೈರ್ಯ, ನನ್ನ ಬಾಯಿಂದ ಆ ಪ್ರಶ್ನೆ ಹೊರಟ ದಿನದಿಂದ, ನನಗಿಲ್ಲ.

ಅವಳ ಹೆಸರಿಗೆ ಒಂದೆಡೆ ಮಾತ್ರ ಮರ್ಯಾದೆ ಸಂದಿತು. 1942ರಲ್ಲಿ ಡಾಕ್ಟರ್ ಎಂ. ಶಿವರಾಂ, ನಮ್ಮ ಪ್ರೀತಿಯ ರಾಶಿಯವರು, ಕನ್ನಡಕ್ಕೊಂದು ಹಾಸ್ಯಪತ್ರಿಕೆಯನ್ನು ಹೊರಡಿಸಿ, ‘ಕೊರವಂಜಿ’ ಎಂದು ಅದಕ್ಕೆ ಹೆಸರಿಟ್ಟರು. ಮೈಸೂರಿನ ತರುಣ ಆರ್. ಕೆ. ಲಕ್ಷ್ಮಣರು ಅದಕ್ಕೆ ವ್ಯಂಗ್ಯಚಿತ್ರ ಬರೆದರು. ಕನ್ನಡದ ಕಾರ್ಟೂನು ಬೆಳೆದದ್ದು ಹಚ್ಚೆಯವಳ ಹೆಸರಿನ ಅಂಗಳದಲ್ಲಿ. ಹೀಗಿರುವಾಗ, ಚರ್ಮದ ಮೇಲೆ ಕಾರ್ಟೂನು ಬರೆಯುವವನನ್ನು ನಾವು ಹೊಸಬನೆನ್ನುವುದು ಹೇಗೆ?

ಈಗ ಮತ್ತೆ ಬೇವಿನ ಮರದ ಕೆಳಕ್ಕೆ ಬರೋಣ.

“ಏನ್ ತೆಗೀಲಿ ಆಯಿ?” ಎಂದು ತರುಣ ಕೇಳಿದ.

“ನಮ್ಮ ಕೂಸಿಗೆ ತೆಗದೀಯಲ್ಲ ತಮ್ಮಾ, ಆ ಭೀಮನ್ನs ತೆಗಿ. ಚೇಳಿನ ಬಾಜೂಕ ತೆಗಿ. ಎಂಬತ್ತು ವರ್ಷ ಆತು, ಒಂದs ಅದ ಅದು.” ಬಳಿಕ ನನ್ನ ಕಡೆ ತಿರುಗಿ, “ಅಳಿಯಂದ್ರ, ಇಲ್ಲೇ ನಿಂತು ಏನ್ ಮಾಡ್ತೀರಿ? ಮನಿಗೆ ಹೋಗಿ ಈ ತಮ್ಮಗ ಚಾ ತಗೊಂಬರ್ರಿ. ಮನಿ ಲೋಟದಾಗ ತರ್ರಿ” ಎಂದರು.

ನಾನು ಹೋದೆ. ದಾರಿಯುದ್ದಕ್ಕೂ ಹಲಗೆ ಬಡಿಯುತ್ತಿತ್ತು. ಪುಟ್ಟ ಹುಲಿಯೊಂದು ತಾಯಿಯ ಸೊಂಟದ ಮೇಲೆ ಕುಳಿತು ಚೊಂಗೆ ಕಡಿಯುತ್ತಿತ್ತು. ದಿನವೂ ನಾನು ಕುಡಿಯುವ ಸ್ಟೀಲಿನ ಲೋಟದಲ್ಲಿ ಚಹ ಹಾಕಿಸಿಕೊಂಡು, ಚೆಲ್ಲದಂತೆ ಎರಡು ಕೈಯಲ್ಲಿ ಹಿಡಿದು, ಹಬ್ಬದ ಜನರ ನಡುವೆ ನಡೆದುಬಂದೆ. ತರುಣ ಲೋಟವನ್ನು ತೆಗೆದುಕೊಂಡ. ಒಂದು ಕ್ಷಣ ಅದನ್ನೇ ನೋಡಿದ. ಏನೂ ಹೇಳದೆ ಕುಡಿದ. ನಾನು ಕೇಳಬೇಕೆಂದಿದ್ದ ಕ್ಷಮೆಯನ್ನು ಆಗ ಕೇಳಲಾಗಲಿಲ್ಲ. ಗಂಟಲಿಗೆ ಬಂದದ್ದು ಅಲ್ಲಿಯೇ ನಿಂತಿತು.

ಆಯಿಯ ತೋಳನ್ನು ಆಗ ನೋಡಿದೆ. ಭೀಮನನ್ನು ಅವನು ಚೇಳಿನ ಪಕ್ಕದಲ್ಲಿ ಸುಮ್ಮನೆ ನಿಲ್ಲಿಸಿರಲಿಲ್ಲ. ಕೊಂಚ ಬಗ್ಗಿಸಿ, ಚಾಚಿದ ಅಂಗೈಯಲ್ಲಿ ಒಂದು ಲಾಡು ಇಟ್ಟು, ಅದನ್ನು ಚೇಳಿಗೆ ನೀಡುತ್ತಿರುವಂತೆ ಬರೆದಿದ್ದ. ಕೊರವಂಜಿಯ ಮುನಿದ ಚೇಳು ಈಗ ಲಾಡಿಗಾಗಿ ಕೊಂಡಿ ಎತ್ತಿದಂತೆ ಕಾಣುತ್ತಿತ್ತು. ಆಯಿ ಹಲ್ಲಿಲ್ಲದ ಬಾಯಿ ತುಂಬ ನಕ್ಕು, ತೋಳನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತ ಕುಳಿತರು. ಮಕ್ಕಳು ಮುತ್ತಿದರು; ಮಕ್ಕಳ ಹಿಂದೆ ತಾಯಂದಿರು ಬಂದರು. ಸಾಲು ಮತ್ತೆ ಬೆಳೆಯಿತು. ಅಳುತ್ತ ಹೋದ ಹುಡುಗನೂ ಅವನ ತಾಯಿಯೂ ಮಾತ್ರ ಬರಲಿಲ್ಲ. ಸಂಜೆಯವರೆಗೂ ನಾನು ಆ ದಾರಿಯನ್ನು ನೋಡುತ್ತಲೇ ಇದ್ದೆ.

ರಾತ್ರಿ ಮಗಳು ಮುಖ ತೊಳೆಯಲು ಒಪ್ಪಲಿಲ್ಲ, ಭೀಮನೊಡನೆಯೇ ಮಲಗಿದಳು. ಬೆಳಗಾಗುವಷ್ಟರಲ್ಲಿ ಕೆನ್ನೆ ಬರಿದಾಗಿ, ಕೇಸರಿ ಧೋತರ ದಿಂಬಿನ ಚೀಲಕ್ಕೆ ಅಂಟಿತ್ತು. ಅತ್ತು ರಂಪ ಮಾಡಿದವಳನ್ನು ಆಯಿ ಹತ್ತಿರ ಕರೆದು ತೋಳು ತೋರಿಸಿದರು. ಅಲ್ಲಿನ ಭೀಮ ಹಾಗೆಯೇ ಇದ್ದ. ಆಯಿ ಆ ಕೈಯನ್ನು ನೀರಿಗೆ ಅದ್ದದೆ, ಎದೆಯ ಮೇಲಿಟ್ಟುಕೊಂಡು ಮಲಗಿದ್ದರಂತೆ.

ಬಾಕಿಯಾದ ಮಾತನ್ನು ಹೇಳಿಬರೋಣವೆಂದು ನಾನು ಬೇವಿನ ಮರದ ಬಳಿಗೆ ಹೋದೆ. ಸ್ಟೂಲು ಇರಲಿಲ್ಲ. ಬಕೀಟು ಚೆಲ್ಲಿದ ಜಾಗದಲ್ಲಿ ಹಳದಿಯೂ ಕೇಸರಿಯೂ ಕಪ್ಪೂ ಬೆರೆತ ಮಣ್ಣು ಇನ್ನೂ ಹಸಿಯಾಗಿತ್ತು. ಅಲ್ಲಿಯೇ ಇದ್ದ ಹೋಟೆಲಿನವನನ್ನು ವಿಚಾರಿಸಲು ಬಾಯಿ ತೆರೆದಾಗ, ಅವನನ್ನು ಏನೆಂದು ಕೇಳಬೇಕೆಂಬುದೇ ತೋಚಲಿಲ್ಲ. ಯಾರ ಪೈಕಿಯೆಂದು ಕೇಳಿದ್ದ ನಾನು, ಆ ತರುಣನ ಹೆಸರನ್ನೇ ಕೇಳಿರಲಿಲ್ಲ.

ಪಕ್ಕದಲ್ಲಿದ್ದ ಮಗಳು ಥಟ್ಟನೆ ಹೆಸರು ಹೇಳಿದಳು. ಕೆನ್ನೆಯ ಮೇಲೆ ಭೀಮ ಮೂಡುತ್ತಿದ್ದಾಗಲೇ ಅವಳು ಕೇಳಿ ತಿಳಿದುಕೊಂಡಿದ್ದಳಂತೆ. ಅವನೂ ಅವಳ ಹೆಸರನ್ನು ಕೇಳಿದ್ದನಂತೆ. ಅದನ್ನು ಇಲ್ಲಿ ಬರೆಯಲು ಅವನ ಒಪ್ಪಿಗೆಯನ್ನು ನಾನು ಪಡೆದಿಲ್ಲ. ಮುಂದಿನ ಮೊಹರಮ್ಮಿಗೆ ದೇವಾಪುರಕ್ಕೆ ಹೋಗಬೇಕು. ಆ ಹೆಸರು ಹಿಡಿದು ಕರೆದು, ಸ್ಟೂಲಿನ ಮೇಲೆ ಕುಳಿತು, ನನ್ನ ಕೈಯನ್ನೂ ಅವನ ಮುಂದೆ ಚಾಚಬೇಕು.